ಟ್ಯೂಬ್ ಆಂಪ್ ಗುಂಯ್ ಅಂತಿದೆಯಾ? ಬಿಚ್ಚುವ ಮೊದಲು ಇಷ್ಟು ನೋಡಿ

ಮಳೆಗಾಲ ಶುರುವಾದರೆ ತೀರ್ಥಹಳ್ಳಿ, ಸಾಗರದ ಕಡೆ ಟ್ಯೂಬ್ ಆಂಪ್ (ಗಾಜಿನ ವಾಲ್ವ್ ಇರುವ ಗಿಟಾರ್ ಆಂಪ್ಲಿಫೈಯರ್) ಇಟ್ಟವರಿಗೆ ಈ ಗುಂಯ್ ಕಾಟ ಜಾಸ್ತಿ. ಮೊದಲು ಆಂಪಿನಿಂದ ಗಿಟಾರ್ ಕೇಬಲ್ ಕಿತ್ತು ಕೇಳಿ. ಸದ್ದು ನಿಂತರೆ ಕೇಬಲ್, ಪೆಡಲ್ ಅಡಾಪ್ಟರ್ ಅಥವಾ ಗಿಟಾರ್ ನೋಡಿ. ತಂತಿಯ ಕಂಪನ ಹಿಡಿಯುವ ಪಿಕಪ್ ಸಿಂಗಲ್ ಕಾಯಿಲ್ (ಒಂದೇ ಸುರುಳಿಯದು) ಆದರೆ ಹತ್ತಿರದ ಎಲ್‌ಇಡಿ ಬಲ್ಬು, ಚಾರ್ಜರ್ ಆರಿಸಿ.

ನಿಲ್ಲಲಿಲ್ವಾ? ವಾಲ್ಯೂಮ್ ಸೊನ್ನೆಗೆ ತನ್ನಿ. ಆಗ ಕಮ್ಮಿಯಾದರೆ ನನ್ನ ಅನುಮಾನ ಗಿಟಾರಿನ ಸಣ್ಣ ಸಿಗ್ನಲ್ ಮೊದಲು ಹೋಗುವ ಪ್ರೀಆಂಪ್ ಟ್ಯೂಬ್ ಮೇಲೆ, ಹೆಚ್ಚಾಗಿ ಅದು 12ಎಎಕ್ಸ್7. ಆಂಪ್ ಆರಿಸಿ, ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಅದನ್ನು ತೆಗೆದು ಮತ್ತೆ ಕೂರಿಸಿ. ಥಂಡಿಗೆ ಸಾಕೆಟ್ ಕಿಲುಬು ಹಿಡಿದಿರುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇಲ್ಲಾಂದ್ರೆ ಅದೇ ನಂಬರಿನ ಬೇರೆ ಟ್ಯೂಬ್ ಹಾಕಿ ನೋಡಿ.

ಸೊನ್ನೆಯಲ್ಲೂ ಅಷ್ಟೇ ಸದ್ದಿದ್ದರೆ ಕಿವಿಗೆ ಕೆಲಸ ಕೊಡಿ. ನಮ್ಮ ಕರೆಂಟು 50 ಹರ್ಟ್ಜ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಅಲೆ 100. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್ 98 ಹರ್ಟ್ಜ್, ಅಂದರೆ ಹೆಚ್ಚುಕಮ್ಮಿ ಅದೇ ಸ್ವರ. ಸದ್ದು ಅದಕ್ಕೆ ಹೊಂದಿದರೆ ಆ ಅಲೆಯನ್ನು ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಸೋತಿರಬಹುದು. ಒಂದು ಸ್ಥಾಯಿ ಕೆಳಗಿದ್ದರೆ ಟ್ಯೂಬ್ ಕಾಯಿಸುವ ಹೀಟರಿನ ವೈರಿಂಗ್ ಕಡೆಯದ್ದಿರಬಹುದು.

ಇವೆರಡನ್ನೂ ರಿಪೇರಿಯವರಿಗೇ ಬಿಡಿ. ಪ್ಲಗ್ ಕಿತ್ತರೂ ಕೆಪಾಸಿಟರಿನಲ್ಲಿ 400 ವೋಲ್ಟಿನಷ್ಟು ಉಳಿದಿರಬಹುದು, ಸುಮ್ನೆ ಕೈ ಹಾಕಬೇಡಿ.

ಅರ್ತ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಅಂತ ಹೇಳುವವರೂ ಇದ್ದಾರೆ. ಹೋಗಬಹುದು, ಆದರೆ ಒಳಗೆ ಏನಾದರೂ ಕೆಟ್ಟರೆ ಗಿಟಾರ್ ತಂತಿ ಹಿಡಿದವರ ಪ್ರಾಣಕ್ಕೇ ಕುತ್ತು! ಹಳೇ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಇದೆಯಾ ಅಂತ ನೋಡಿಸಿ.