ಸಾಲಿನಲ್ಲಿ ನಿಲ್ಲುವವರು

ನನ್ನ ನೃತ್ಯ ತಂಡವನ್ನು ಕಟ್ಟುವುದನ್ನು ನಾನು ಕಲಿತದ್ದು ಕೆನಡಾದ ರಾಷ್ಟ್ರೀಯ ಬ್ಯಾಲೆ ತಂಡವನ್ನು ಕಟ್ಟಿದ ಸೀಲಿಯಾ ಫ್ರಾಂಕಾ ಅವರಿಂದ. ಅವರನ್ನು ನಾನು ಕಣ್ಣಾರೆ ಕಂಡಿಲ್ಲ. 2007ರಲ್ಲಿ ಅವರು ಒಟ್ಟಾವಾದಲ್ಲಿ ತೀರಿಕೊಂಡಾಗ ನಾನು ಟೊರಾಂಟೊಗೆ ಬಂದು ಮೂರು ವರ್ಷವಾಗಿತ್ತು. ಪತ್ರಿಕೆಯಲ್ಲಿ ಬಂದ ಶ್ರದ್ಧಾಂಜಲಿ ಲೇಖನ ಓದಿಯೇ ಅವರ ಹೆಸರು ತಿಳಿದದ್ದು. ಮೈಸೂರಿನಲ್ಲಿ ಹದಿನಾಲ್ಕು ವರ್ಷ ಭರತನಾಟ್ಯ ಕಲಿತ ನನಗೆ ಬ್ಯಾಲೆ ಎಂದರೆ ಬೆರಳ ತುದಿಯ ಮೇಲೆ ನಿಂತು ಕುಣಿಯುವುದು ಎಂಬಷ್ಟೇ ಗೊತ್ತಿತ್ತು. ಆದರೆ ಎರಡು ದಿನಾಂಕಗಳು ನನ್ನನ್ನು ಹಿಡಿದುಕೊಂಡವು. ಆಕೆ ಲಂಡನ್ನಿನಿಂದ ಬಂದದ್ದು 1951ರ ಫೆಬ್ರವರಿಯಲ್ಲಿ. ಕೆನಡಾದ ರಾಷ್ಟ್ರೀಯ ಬ್ಯಾಲೆ ತಂಡ ಮೊದಲ ಪ್ರದರ್ಶನ ನೀಡಿದ್ದು ಅದೇ ವರ್ಷದ ನವೆಂಬರ್ 12ರಂದು. ಪರಿಚಯವೇ ಇಲ್ಲದ ದೇಶ, ಕೈಯಲ್ಲಿ ಒಂಬತ್ತು ತಿಂಗಳು, ಕೊನೆಗೊಂದು ತಂಡ. ನಾನು ಮೂರು ವರ್ಷದಲ್ಲಿ ಕಟ್ಟಿದ್ದು ನೆಲಮಾಳಿಗೆಯ ಒಂದು ತರಗತಿ ಮಾತ್ರ.

ಆ ಒಂಬತ್ತು ತಿಂಗಳಲ್ಲಿ ಏನು ನಡೆಯಿತು ಎಂದು ಹುಡುಕುತ್ತಾ ಗ್ರಂಥಾಲಯಕ್ಕೆ ಹೋದೆ. ಟೊರಾಂಟೊದ ಮೂವರು ಹೆಂಗಸರು, ಸಿಡ್ನಿ ಮಲ್ಕ್ವೀನ್, ಪರ್ಲ್ ವೈಟ್‌ಹೆಡ್ ಮತ್ತು ಐಲೀನ್ ವುಡ್ಸ್, ತಮ್ಮ ದೇಶಕ್ಕೂ ಒಂದು ದೊಡ್ಡ ಬ್ಯಾಲೆ ತಂಡ ಬೇಕೆಂದು ಹಟ ಹಿಡಿದವರು. ಇಂಗ್ಲೆಂಡಿನ ಸ್ಯಾಡ್ಲರ್ಸ್ ವೆಲ್ಸ್ ತಂಡವನ್ನು ಕಟ್ಟಿದ ನಿನೆಟ್ ಡಿ ವಲ್ವಾ ಅವರ ಸಲಹೆ ಕೇಳಿದಾಗ ಬಂದ ಹೆಸರು ಸೀಲಿಯಾ ಫ್ರಾಂಕಾ. ಆಗ ಆಕೆಗೆ ಮೂವತ್ತೂ ತುಂಬಿರಲಿಲ್ಲ. ಲಂಡನ್ನಿನ ಒಬ್ಬ ದರ್ಜಿಯ ಮಗಳು. ಹದಿಹರೆಯದಲ್ಲೇ ರಾಂಬೇರ್ ತಂಡದಲ್ಲಿ ಕುಣಿದು, ಮುಂದೆ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ 'ಜಿಸೆಲ್' ಬ್ಯಾಲೆಯಲ್ಲಿ ವಿಲಿಗಳೆಂಬ ಪ್ರೇತಕನ್ಯೆಯರ ರಾಣಿಯಾಗಿ ಹೆಸರು ಮಾಡಿದ್ದವರು. ಟೊರಾಂಟೊಗೆ ಬಂದಾಗ ಹೊಟ್ಟೆಪಾಡಿಗೆ ಈಟನ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಕಡತ ಜೋಡಿಸುವ ಗುಮಾಸ್ತೆ ಕೆಲಸ ಮಾಡಿದರು. ನವೆಂಬರಿನ ಆ ಮೊದಲ ಪ್ರದರ್ಶನ ನಡೆದದ್ದೂ ಈಟನ್ಸ್‌ನವರದೇ ಕಾಲೇಜ್ ಸ್ಟ್ರೀಟ್ ಕಟ್ಟಡದ ಏಳನೇ ಮಹಡಿಯ ಸಭಾಂಗಣದಲ್ಲಿ. ಇದನ್ನು ಓದಿದ ದಿನ ನಾನೂ ಒಂದು ಔಷಧಿ ಅಂಗಡಿಯ ಲೆಕ್ಕ ಬರೆದು ಮನೆಗೆ ಬಂದಿದ್ದೆ. ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಆಕೆಗೆ ಸ್ವಾಗತದ ಹಾರವೇನೂ ಕಾದಿರಲಿಲ್ಲ. ವಿನಿಪೆಗ್‌ನಲ್ಲಿ 1939ರಿಂದಲೇ ಬ್ಯಾಲೆ ತಂಡವಿತ್ತು. ಟೊರಾಂಟೊದಲ್ಲೇ ಬೋರಿಸ್ ವೋಲ್ಕೋಫ್ ಎಂಬ ರಷ್ಯನ್ ಗುರುಗಳು ವರ್ಷಗಟ್ಟಲೆ ಶಿಷ್ಯರನ್ನು ಬೆಳೆಸಿದ್ದರು. ನಿನ್ನೆ ಬಂದವರು ಇಂದು 'ರಾಷ್ಟ್ರೀಯ' ಎಂದು ಹೆಸರಿಟ್ಟುಕೊಂಡರೆ ಮೊದಲಿದ್ದವರಿಗೆ ನೋವಾಗದೆ ಇರುತ್ತದೆಯೇ? ಫ್ರಾಂಕಾ ಅದಕ್ಕೆ ಮಾತಿನ ಉತ್ತರ ಹುಡುಕಲಿಲ್ಲ. ಸೇಂಟ್ ಲಾರೆನ್ಸ್ ಹಾಲ್‌ನಲ್ಲಿ ಬೇಸಿಗೆ ಶಾಲೆ ನಡೆಸಿದರು. ತಂಡಕ್ಕೆ ಪಾಠ ಹೇಳಲು ಬೆಟ್ಟಿ ಆಲಿಫಂಟ್ ಅವರನ್ನು ಸೇರಿಸಿಕೊಂಡರು. ದೇಶದ ಈ ತುದಿಯಿಂದ ಆ ತುದಿಯವರೆಗೆ ಊರೂರಿಗೆ ಹೋಗಿ ನರ್ತಕರನ್ನು ಆರಿಸಿದರು. ಲೋಯಿಸ್ ಸ್ಮಿತ್, ಡೇವಿಡ್ ಆಡಮ್ಸ್ ಅವರಂಥ ನುರಿತವರೂ ಸೇರಿದರು. ಕಾನೂನು ಪದವಿ ಮುಗಿಸಿ ಬಂದಿದ್ದ ಗ್ರಾಂಟ್ ಸ್ಟ್ರೇಟ್ ಅವರಂಥವರಿಗೂ ಜಾಗ ಸಿಕ್ಕಿತು. ತಡವಾಗಿ ಕುಣಿತಕ್ಕೆ ಬಂದ ಆ ವಕೀಲ ಮುಂದೆ ತಂಡದ ನೃತ್ಯ ಸಂಯೋಜಕರಾದರು. 1970ರಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ನೃತ್ಯ ವಿಭಾಗವನ್ನು ಕಟ್ಟಿದವರೂ ಅವರೇ.

ನನ್ನ ತೊಂದರೆ ಬೇರೆಯೇ ಇತ್ತು. ನರ್ತಕಿಯರಿಗೆ ಕೊರತೆಯಿರಲಿಲ್ಲ. ಬ್ರಾಂಪ್ಟನ್, ಮಿಸಿಸಾಗಾ ಕಡೆಯ ಯಾವ ಬೀದಿಗೆ ಹೋದರೂ ಭರತನಾಟ್ಯ ಕಲಿಯುವ ಹುಡುಗಿಯೊಬ್ಬಳು ಸಿಗುತ್ತಾಳೆ. ಎಂಟು ವರ್ಷ ಕಲಿಸುತ್ತೇವೆ, ರಂಗಪ್ರವೇಶ ಮಾಡಿಸುತ್ತೇವೆ. ಎರಡೂವರೆ ಗಂಟೆ ಒಬ್ಬಳೇ ವೇದಿಕೆಯ ಮೇಲೆ, ಎದುರಿಗೆ ಮುನ್ನೂರು ಜನ ನೆಂಟರಿಷ್ಟರು. ಮರುವಾರ ಆ ಹುಡುಗಿ ತರಗತಿಗೆ ಬರುವುದಿಲ್ಲ. ಮೊದಲ ಆರು ವರ್ಷಗಳಲ್ಲಿ ನಾನು ನಾಲ್ವರ ರಂಗಪ್ರವೇಶ ಮಾಡಿಸಿದೆ. ನಾಲ್ವರಲ್ಲಿ ಒಬ್ಬಳೂ ಉಳಿಯಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಹತ್ತಲು ಒಂದೇ ಮೆಟ್ಟಿಲಿದೆ ಎಂದು ಕಲಿಸಿದವಳು ನಾನೇ. ಅದನ್ನು ಹತ್ತಿ ಮುಗಿಸಿದವರು ಮತ್ತೆ ಯಾಕೆ ಬರಬೇಕು?

ಉತ್ತರ ಸಿಕ್ಕಿದ್ದು ಆ ಮೊದಲ ರಾತ್ರಿಯ ಕಾರ್ಯಕ್ರಮ ಪಟ್ಟಿಯಲ್ಲಿ. ಅದರಲ್ಲಿ 'ಲೆ ಸಿಲ್ಫೀಡ್' ಇತ್ತು, 'ಪ್ರಿನ್ಸ್ ಇಗೊರ್' ಒಪೇರಾದ ಪೊಲೊವ್ಟ್ಸಿಯನ್ ನೃತ್ಯಗಳಿದ್ದವು. ಎರಡೂ ರಷ್ಯದ ನೃತ್ಯ ಸಂಯೋಜಕ ಫೋಕಿನ್ ಅವರವು, ಎರಡರಲ್ಲೂ ಗುಂಪಿನದೇ ಭಾರ. 'ಲೆ ಸಿಲ್ಫೀಡ್'ನ ವಿಡಿಯೊ ತಂದು ನೋಡಿದೆ. ಶೋಪಾನ್ ಸಂಗೀತ, ಕಥೆಯಿಲ್ಲ, ಉದ್ದನೆಯ ಬಿಳಿ ಲಂಗ ತೊಟ್ಟ ಹೆಂಗಸರು, ನಡುವೆ ಒಬ್ಬನೇ ಗಂಡಸು. ಮೊದಲ ಸಲ ನೋಡಿದಾಗ ಮುಂದೆ ಕುಣಿಯುವವರನ್ನು ನೋಡಿದೆ. ಮೂರನೆಯ ಸಲ ಹಿಂದೆ ನಿಂತವರು ಕಾಣಿಸಿದರು. ಒಬ್ಬಳು ಕುಣಿಯುವಷ್ಟು ಹೊತ್ತೂ ಉಳಿದವರು ಕೈ ಬಾಗಿಸಿ, ಕತ್ತು ಓಲಿಸಿ ಅಲುಗಾಡದೆ ನಿಂತಿರುತ್ತಾರೆ. ಒಬ್ಬಳ ಮೊಣಕೈ ಅರ್ಧ ಅಂಗುಲ ಇಳಿದರೂ ಇಡೀ ಚಿತ್ರ ಕೆಡುತ್ತದೆ. ಬ್ಯಾಲೆಯವರು ಈ ಗುಂಪನ್ನು 'ಕೋರ್' ಎನ್ನುತ್ತಾರೆ, ಎಂದರೆ ಮೈ. ನಮ್ಮಲ್ಲಿ ತಲೆಗಳನ್ನು ಬೆಳೆಸಿದ್ದೆವು, ಮೈ ಇರಲಿಲ್ಲ.

ಈ ವಿಷಯ ಕನ್ನಡಿಗರಿಗೆ ತೀರಾ ಹೊಸದೇನಲ್ಲ. ಮಲ್ಲೇಶ್ವರದವರಾದ ಮಾಯಾ ರಾವ್ ಅರವತ್ತರ ದಶಕದ ಆರಂಭದಲ್ಲೇ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನು ಒಂದು ಶಾಸ್ತ್ರವಾಗಿ ಕಲಿತು ಬಂದವರು. ದೆಹಲಿಯಲ್ಲಿ ಅದಕ್ಕೆಂದೇ ಸಂಸ್ಥೆ ನಡೆಸಿ, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಮೈಸೂರಿನಲ್ಲಿ ಕಲಿಯುತ್ತಿದ್ದಾಗ ಅವರ ಹೆಸರು ಕೇಳಿದ್ದೆ, ಕೆಲಸ ಏನೆಂದು ವಿಚಾರಿಸಿರಲಿಲ್ಲ. ಮನೆಯ ಪಕ್ಕದ ಬಾವಿಯನ್ನು ಬಿಟ್ಟು ಟೊರಾಂಟೊಗೆ ಬಂದು ನೀರು ಹುಡುಕಿದೆ ಎಂಬ ವ್ಯಥೆ ನನಗೆ ಈಗಲೂ ಇದೆ.

2011ರ ಸೆಪ್ಟೆಂಬರಿನಲ್ಲಿ ಒಂಬತ್ತು ಜನರನ್ನು ಕೂಡಿಸಿದೆ. ಮೂವರು ನನ್ನ ಶಿಷ್ಯೆಯರು, ಉಳಿದವರು ಬೇರೆ ಬೇರೆ ಗುರುಗಳಲ್ಲಿ ಕಲಿತು ನಿಲ್ಲಿಸಿದವರು. ಅವರಲ್ಲಿ ಒಬ್ಬರಿಗೆ ಇಬ್ಬರು ಮಕ್ಕಳು, ಒಬ್ಬರು ದಂತವೈದ್ಯೆ. ಒಂದು ವರ್ಷ ಪ್ರದರ್ಶನ ಇಲ್ಲ, ಯಾರಿಗೂ ಏಕವ್ಯಕ್ತಿ ನೃತ್ಯ ಇಲ್ಲ ಎಂದು ಮೊದಲ ದಿನವೇ ಹೇಳಿದೆ. ವಾರಕ್ಕೆ ಮೂರು ಸಂಜೆ ಬರೀ ಅಡವು, ಎಂದರೆ ಭರತನಾಟ್ಯದ ಮೂಲ ಹೆಜ್ಜೆಗಳು. ಬೇರೆ ಬೇರೆ ಬಾನಿಯಿಂದ, ಎಂದರೆ ಗುರು ಪರಂಪರೆಯ ಶೈಲಿಯಿಂದ, ಬಂದವರಾದ್ದರಿಂದ ತಟ್ಟಡವಿನಲ್ಲೇ ಜಗಳ ಶುರುವಾಯಿತು. ಕಾಲನ್ನು ಎಷ್ಟು ಎತ್ತಬೇಕು, ಕೈ ಸೊಂಟದ ಮೇಲೋ ಎದೆಯ ಮುಂದೋ, ಮೊಣಕಾಲು ಮಡಿಸಿ ಅರ್ಧ ಕೂರುವ ಅರೆಮಂಡಿ ಎಷ್ಟು ಇಳಿಯಬೇಕು. ನನ್ನ ಬಾನಿಯೇ ಸರಿ ಎಂದು ನಾನು ಸಾಧಿಸಲಿಲ್ಲ. ಒಂಬತ್ತು ಜನರಲ್ಲಿ ಅತ್ಯಂತ ಕಡಿಮೆ ಇಳಿಯಬಲ್ಲವರ ಅರೆಮಂಡಿಯನ್ನು ಅಳತೆಯಾಗಿ ಇಟ್ಟುಕೊಂಡು, ಗೋಡೆಗೆ ನೀಲಿ ಟೇಪು ಅಂಟಿಸಿ, ಎಲ್ಲರ ತಲೆಯೂ ಆ ಗೆರೆಗೆ ಬರಬೇಕು ಎಂದೆ. ಎತ್ತರದವರು ಹೆಚ್ಚು ಇಳಿಯಬೇಕಾಯಿತು. ಮುಂದೆ ಎಲ್ಲರೂ ಗಟ್ಟಿಯಾದ ಹಾಗೆ ಆ ಟೇಪನ್ನು ತಿಂಗಳಿಗೊಮ್ಮೆ ಕೆಳಗಿಳಿಸಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ನಿಲ್ಲುವುದು. ಒಬ್ಬಳು ಜತಿ ಕುಣಿಯುವಾಗ ಎಂಟು ಜನ ಅರೆಮಂಡಿಯಲ್ಲಿ, ಕರ್ತರೀಮುಖ ಮುದ್ರೆ ಹಿಡಿದು, ಆದಿತಾಳದ ಎಂಟು ಆವರ್ತನ ಅಲುಗದೆ ನಿಲ್ಲಬೇಕು. ಮೊದಲ ವಾರ ತೊಡೆಗಳು ನಡುಗಿದವು. ಎರಡನೆಯ ವಾರ ದಂತವೈದ್ಯೆ ಕೇಳಿದರು: "ಅಕ್ಕಾ, ನಾವು ಇಲ್ಲಿ ಕುಣಿಯಲು ಬಂದದ್ದಲ್ಲವೇ?" "ಈಗ ಕುಣಿಯುತ್ತಿರುವುದು ನೀವೇ. ಅವಳನ್ನು ನೋಡಲು ಜನರಿಗೆ ಕಣ್ಣು ಕೊಡುತ್ತಿರುವವರು ನೀವು" ಎಂದೆ. ಅವರು ಒಪ್ಪಲಿಲ್ಲ. ಆದರೂ ಬಿಟ್ಟು ಹೋಗಲಿಲ್ಲ. ಇಂದಿಗೂ ನಮ್ಮ ತಂಡದ ಅತಿ ಸ್ಥಿರವಾದ ದೇಹ ಅವರದೇ.

ನೆಲದ ಬಗ್ಗೆ ವಿವರವಾಗಿಯೇ ಹೇಳಬೇಕು. ಈ ದೇಶದಲ್ಲಿ ನಮ್ಮ ನೃತ್ಯ ಕಲಿಸುವವರು ಬಹಳಷ್ಟು ಜನ ಇದರಲ್ಲಿ ಸೋಲುತ್ತಾರೆ. ಮನೆಗಳ ನೆಲಮಾಳಿಗೆ ಎಂದರೆ ಕಾಂಕ್ರೀಟಿನ ಮೇಲೆ ತೆಳುವಾದ ಕಾರ್ಪೆಟ್. ಬರಿಗಾಲಲ್ಲಿ ದಿನಕ್ಕೆ ಸಾವಿರ ಸಲ ತಟ್ಟಿದರೆ ಆ ಪೆಟ್ಟೆಲ್ಲ ಮೊಣಕಾಲ ಕೆಳಗಿನ ಮೂಳೆಗೆ ಬೀಳುತ್ತದೆ. ಐದು ತಿಂಗಳಲ್ಲಿ ಇಬ್ಬರಿಗೆ ಮೊಣಕಾಲ ಕೆಳಗೆ ತೀವ್ರ ನೋವು ಬಂತು. ಬ್ಯಾಲೆಯವರು ಪುಟಿಯುವ ನೆಲವಿಲ್ಲದೆ ಅಭ್ಯಾಸ ಮಾಡಲು ಒಪ್ಪುವುದಿಲ್ಲ ಎಂದು ಆಗ ತಿಳಿಯಿತು. ನಾನೂ ನನ್ನ ಗಂಡನೂ ಎರಡು ವಾರಾಂತ್ಯ ಕುಳಿತು ನಮ್ಮದನ್ನು ಮಾಡಿದೆವು. ಎರಡು ಅಂಗುಲ ಚೌಕದ ಗಟ್ಟಿ ಫೋಮ್ ತುಂಡುಗಳನ್ನು ಸುಮಾರು ಒಂದು ಅಡಿಗೊಂದರಂತೆ ಮೊದಲ ಪದರದ ಪ್ಲೈವುಡ್ ಹಾಳೆಗಳ ಅಡಿಗೆ ಅಂಟಿಸಿದೆವು. ಅದರ ಮೇಲೆ ಎರಡನೆಯ ಪದರವನ್ನು ಅಡ್ಡಲಾಗಿ ಹಾಸಿ, ಕೀಲುಗಳು ಒಂದರ ಮೇಲೊಂದು ಬಾರದಂತೆ ನೋಡಿಕೊಂಡು ಸ್ಕ್ರೂ ಬಿಗಿದೆವು. ಗೋಡೆಯ ಸುತ್ತ ಬೆರಳಗಲ ಸಂದು ಬಿಡಬೇಕು, ಇಲ್ಲದಿದ್ದರೆ ಬೇಸಿಗೆಯ ತೇವಕ್ಕೆ ಹಲಗೆ ಉಬ್ಬುತ್ತದೆ. ಬ್ಯಾಲೆಯವರು ಹಾಸುವ ವಿನೈಲ್ ಹಾಳೆ ನಮಗೆ ಬೇಡ. ಅದು ಬೆವರಿದ ಬರಿಗಾಲನ್ನು ಹಿಡಿದುಕೊಳ್ಳುತ್ತದೆ, ತಟ್ಟಿದ ಸದ್ದನ್ನೂ ನುಂಗುತ್ತದೆ. ಮರಕ್ಕೆ ವಾರ್ನಿಷ್ ಬಳಿದು ಬಿಟ್ಟೆವು. ಮೊದಲ ಸಲ ಒಂಬತ್ತು ಜೊತೆ ಕಾಲುಗಳು ಒಟ್ಟಿಗೆ ತಟ್ಟಿದಾಗ ಆ ಹಲಗೆ ಮೃದಂಗದಂತೆ ಉತ್ತರ ಕೊಟ್ಟಿತು. ನನಗೆ ಅಳು ಬಂತು.

ಹಣದ ವಿಷಯದಲ್ಲಿ ಫ್ರಾಂಕಾ ಅವರ ಕಾಲಕ್ಕಿಂತ ನಮ್ಮ ಕಾಲ ವಾಸಿ. ಕಲೆಗೆ ಹಣ ಕೊಡುವ ಕೆನಡಾ ಕೌನ್ಸಿಲ್ ಸ್ಥಾಪನೆಯಾದದ್ದು 1957ರಲ್ಲಿ. ಮೊದಲ ಆರು ವರ್ಷ ಅವರ ತಂಡ ಅಂಥ ಆಸರೆಯಿಲ್ಲದೆ, ದಾನಿಗಳನ್ನೂ ಟಿಕೆಟ್ಟನ್ನೂ ನಂಬಿ ಊರೂರು ತಿರುಗಿತು. ನನ್ನ ಎರಡು ಅರ್ಜಿಗಳು ತಿರಸ್ಕೃತವಾದವು. ಮೂರನೆಯದಕ್ಕೆ ಹಣ ಬಂತು. ಮೊದಲೆರಡರಲ್ಲಿ ನಾನು ಎರಡು ಸಾವಿರ ವರ್ಷದ ಪರಂಪರೆಯ ಬಗ್ಗೆ ಬರೆದಿದ್ದೆ. ಮೂರನೆಯದರಲ್ಲಿ ಒಂಬತ್ತು ಜನರ ಹೆಸರು, ವಾರದ ಅಭ್ಯಾಸದ ಗಂಟೆ, ಪ್ರತಿ ಗಂಟೆಗೆ ಅವರಿಗೆ ಕೊಡಬೇಕೆಂದಿರುವ ಸಂಭಾವನೆ ಬರೆದೆ. ಆ ಸಂಭಾವನೆ ಬಸ್ ಚಾರ್ಜಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೂ ದುಡ್ಡು ಕೈಗೆ ಬಂದ ವಾರದಿಂದ ಯಾರೂ ತಡವಾಗಿ ಬರಲಿಲ್ಲ. ಕಲೆಗೆ ದುಡ್ಡು ಕೇಳುವುದು ತಪ್ಪು ಎಂದು ನಮ್ಮಲ್ಲಿ ಹೇಳುತ್ತಾರೆ. ನಾನದನ್ನು ಖಂಡಿತ ಒಪ್ಪುವುದಿಲ್ಲ.

ತಂಡ ಕಟ್ಟಿ ಎಂಟು ವರ್ಷಕ್ಕೆ, 1959ರಲ್ಲಿ, ಫ್ರಾಂಕಾ ಮತ್ತು ಆಲಿಫಂಟ್ ರಾಷ್ಟ್ರೀಯ ಬ್ಯಾಲೆ ಶಾಲೆ ತೆರೆದರು. ಗಣಿತ, ಇತಿಹಾಸ, ಬ್ಯಾಲೆ ಎಲ್ಲವೂ ಒಂದೇ ಸೂರಿನಡಿ. ತಂಡದ ನಿಜವಾದ ಬೆಳವಣಿಗೆ ಅಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ. ವೆರೋನಿಕಾ ಟೆನೆಂಟ್ ಆ ಶಾಲೆಯಿಂದ ಬಂದು ಹದಿನೆಂಟಕ್ಕೇ ಜೂಲಿಯೆಟ್ ಆದರು. ಹ್ಯಾಮಿಲ್ಟನ್ನಿನ ಹುಡುಗಿ ಕ್ಯಾರನ್ ಕೇನ್ 1969ರಲ್ಲಿ ತಂಡ ಸೇರಿದ್ದು ಅದರ ಸಾಲಿನಲ್ಲಿ ನಿಲ್ಲುವವಳಾಗಿ. 1973ರಲ್ಲಿ ಮಾಸ್ಕೋ ಸ್ಪರ್ಧೆಯಲ್ಲಿ ಫ್ರಾಂಕ್ ಆಗಸ್ಟಿನ್ ಜೊತೆ ಜೋಡಿ ನೃತ್ಯಕ್ಕೆ ಬಹುಮಾನ ಗೆದ್ದ ಆಕೆಯೇ 2005ರಿಂದ 2021ರವರೆಗೆ ಆ ತಂಡವನ್ನು ನಡೆಸಿದರು. ನಾನು ಶಾಲೆ ತೆರೆಯುವಷ್ಟು ದೊಡ್ಡವಳಲ್ಲ. ಆದರೆ 2014ರಿಂದ ಹದಿನಾಲ್ಕು ತುಂಬಿದ ಮಕ್ಕಳನ್ನು ಶನಿವಾರ ತಂಡದ ಅಭ್ಯಾಸದಲ್ಲಿ ಹಿಂದಿನ ಸಾಲಿಗೆ ನಿಲ್ಲಿಸಿದೆ. ರಂಗಪ್ರವೇಶಕ್ಕೆ ಮೊದಲೇ ಅವರಿಗೆ ಮುಂದಿನ ಮೆಟ್ಟಿಲು ಕಾಣಬೇಕಿತ್ತು. ಆಮೇಲೆ ಏಳು ಜನರ ರಂಗಪ್ರವೇಶವಾಗಿದೆ, ಐವರು ಉಳಿದಿದ್ದಾರೆ.

ಒಂದು ತಪ್ಪನ್ನು ನಾನು ಫ್ರಾಂಕಾ ಅವರ ತಂಡವನ್ನು ನೋಡಿಯೇ ಮಾಡಿದೆ. 1972ರಲ್ಲಿ ಹೆಸರಾಂತ ರಷ್ಯನ್ ನರ್ತಕ ನೂರಿಯೆವ್ ಬಂದು ಅವರಿಗೆ 'ಸ್ಲೀಪಿಂಗ್ ಬ್ಯೂಟಿ' ಮಾಡಿಕೊಟ್ಟರು. ವಸ್ತ್ರ, ದೃಶ್ಯಸಜ್ಜಿಕೆ ಎಲ್ಲ ಅರಮನೆಯಂತೆ. ಖರ್ಚು ಅಂದಾಜನ್ನು ಮೀರಿ ತಂಡವನ್ನು ಸಾಲಕ್ಕೆ ದೂಡಿತು. ಆದರೆ ಮರುವರ್ಷವೇ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೇರಾ ಹೌಸ್‌ನಲ್ಲಿ ನಿಂತು ಜಗತ್ತಿಗೆ ಕಾಣಿಸಿತು. ಒಮ್ಮೆ ದೊಡ್ಡದಾಗಿ ಹಾರದಿದ್ದರೆ ಬೆಳೆಯುವುದಿಲ್ಲ ಎಂದು ಇದನ್ನು ನಾನು ಅರ್ಥ ಮಾಡಿಕೊಂಡೆ. 2016ರಲ್ಲಿ ಪುಣ್ಯಕೋಟಿಯ ಕಥೆಯನ್ನು ಎರಡು ಗಂಟೆಯ ನೃತ್ಯರೂಪಕ ಮಾಡಿ, ಬೆಂಗಳೂರಿನಿಂದ ಹಾಡುಗಾರರನ್ನೂ ವಾದ್ಯದವರನ್ನೂ ಕರೆಸಿ, ಒಂಬೈನೂರು ಆಸನದ ಸಭಾಂಗಣ ಹಿಡಿದೆ. ಮಾರಾಟವಾದದ್ದು ಮುನ್ನೂರ ಎಂಬತ್ತು ಟಿಕೆಟ್. ಹದಿನೇಳು ಸಾವಿರ ಡಾಲರ್ ಸಾಲ ತೀರಿಸಲು ಮೂರು ವರ್ಷ ಬೇಕಾಯಿತು. ನೂರಿಯೆವ್ ಬರುವ ಹೊತ್ತಿಗೆ ಆ ತಂಡಕ್ಕೆ ಇಪ್ಪತ್ತು ವರ್ಷದ ಮೈ ಇತ್ತು, ಶಾಲೆ ಇತ್ತು, ಟೊರಾಂಟೊದ ಮೂರು ಸಾವಿರಕ್ಕೂ ಹೆಚ್ಚು ಆಸನಗಳ ಓಕೀಫ್ ಸೆಂಟರ್‌ನಲ್ಲಿ ತಮ್ಮವರೆನ್ನುವ ಪ್ರೇಕ್ಷಕರಿದ್ದರು. ನನಗೆ ಐದು ವರ್ಷ ಆಗಿತ್ತು, ಅಷ್ಟೇ. ಆ ನೃತ್ಯರೂಪಕದಲ್ಲಿ ಚೆನ್ನಾಗಿ ಬಂದದ್ದು ಒಂದೇ ಭಾಗ: ಹುಲಿಯ ಬಾಯಿಗೆ ಹೊರಟ ಹಸು ಕರುವನ್ನು ಬಿಟ್ಟು ಬರುವಾಗ ದೊಡ್ಡಿಯ ಉಳಿದ ಹಸುಗಳು ಸುಮ್ಮನೆ ನಿಂತು ನೋಡುವುದು. ಎಂಟು ಜನ, ಎಂಟು ಆವರ್ತನ. ಈಗ ನಾವು ಊರೂರ ಗ್ರಂಥಾಲಯಗಳಲ್ಲಿ, ಶಾಲೆಗಳಲ್ಲಿ ತೋರಿಸುವುದು ಆ ಇಪ್ಪತ್ತು ನಿಮಿಷವನ್ನೇ.

ಕಳೆದ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಎರಡು ದಿನವಿರುವಾಗ ಒಬ್ಬಳಿಗೆ ಜ್ವರ ಬಂತು. ಎರಡನೇ ಸಾಲಿನ ಮೂರನೆಯ ಜಾಗ. ಅದನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲ. ತಾಳವನ್ನು ಶಿಷ್ಯೆಯೊಬ್ಬಳ ಕೈಗೆ ಕೊಟ್ಟು, ಹದಿಮೂರು ವರ್ಷದ ಮೇಲೆ ನಾನೇ ಗೆಜ್ಜೆ ಕಟ್ಟಿ ಆ ಜಾಗಕ್ಕೆ ಹೋಗಿ ನಿಂತೆ. ಎಡಕ್ಕೆ ದಂತವೈದ್ಯೆ, ಬಲಕ್ಕೆ ಹದಿನೈದರ ಹುಡುಗಿ. ಆರನೆಯ ಆವರ್ತನದಲ್ಲಿ ನನ್ನ ತೊಡೆ ನಡುಗಿತು. ಬಲಗಡೆಯ ಹುಡುಗಿ ಕಣ್ಣು ಕದಲಿಸದೆ, ತುಟಿ ಅಲುಗದಂತೆ ಹೇಳಿದಳು: "ಮೇಡಂ, ನೀವು ಅರ್ಧ ಹೆಜ್ಜೆ ಮುಂದಿದ್ದೀರಿ."

ನಾನು ಹಿಂದೆ ಸರಿದು ನಿಂತೆ.