ಜಿಂಕೆ ಉಳಿಸಿದ ಮೊಗ್ಗಿನ ಪಲ್ಯ

ನ್ಯೂಜೆರ್ಸಿಯ ಈ ಮನೆಗೆ ಬಂದಾಗ ಹಿತ್ತಲ ಬೇಲಿಯುದ್ದಕ್ಕೂ ಒಂದು ಗಿಡ ಹಿಂಡುಹಿಂಡಾಗಿ ಬೆಳೆದಿತ್ತು. ಜೂನ್ ಕೊನೆಗೆ ಕೇಸರಿ ಬಣ್ಣದ ಹೂ ಬಿಟ್ಟಿತು. ಬೆಳಗ್ಗೆ ಅರಳಿದ್ದು ರಾತ್ರಿಯೊಳಗೆ ಮುದುಡುತ್ತದೆ, ಮಾರನೇ ದಿನ ಪಕ್ಕದ ಮೊಗ್ಗಿನ ಸರದಿ. ಇದೇ ಡೇಲಿಲಿ. ಇಲ್ಲಿ ರಸ್ತೆ ಬದಿಯಲ್ಲೆಲ್ಲ ಇದೆ, ಆದರೆ ಮೂಲ ಏಷ್ಯಾದ್ದು.

ತಿನ್ನಬಹುದು ಅಂತ ಹೇಳಿದ್ದು ಪಕ್ಕದ ಮನೆಯ ಚೀನೀ ಅಜ್ಜಿ. ಒಣಗಿಸಿದ ಮೊಗ್ಗು ತೋರಿಸಿ, ನಮ್ಮ ಕಡೆ ಇದನ್ನು 'ಚಿನ್ನದ ಸೂಜಿ' ಅಂತೀವಿ, ಸೂಪಿಗೆ ಹಾಕ್ತೀವಿ ಅಂದರು.

ನಾನು ಮಲೆನಾಡಿನವಳು. ಗೌರಿ ಹೂವಿನ ಗಡ್ಡೆ ತಿಂದರೆ ಜೀವಕ್ಕೇ ಅಪಾಯ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವಳು. ಹಾಗಾಗಿ ಮೊದಲ ವರ್ಷ ಬಾಯಿಗೆ ಹಾಕಲಿಲ್ಲ, ಸುಮ್ನೆ ನೋಡುತ್ತಾ ಹೋದೆ. ಏಪ್ರಿಲ್‌ನಲ್ಲಿ ಎಳೆ ಎಲೆ ಮಾತ್ರ ನೋಡಿದರೆ, ಡ್ಯಾಫೋಡಿಲ್ ಅನ್ನುವ ಇನ್ನೊಂದು ಹೂಗಿಡವನ್ನೇ ಡೇಲಿಲಿ ಅಂತ ಮೋಸ ಹೋಗಬಹುದು. ಡ್ಯಾಫೋಡಿಲ್ ವಿಷ. ಅದಕ್ಕೇ ಹೂ ನೋಡುವ ತನಕ ಕಾಯಬೇಕು. ಡೇಲಿಲಿಯ ಎಲೆಗಳೆಲ್ಲ ನೆಲದಿಂದಲೇ ಬೀಸಣಿಗೆ ಬಿಚ್ಚಿದ ಹಾಗೆ ಏಳುತ್ತವೆ. ಹೂವಿನ ದಂಟು ಬೋಳು, ತುದಿಯಲ್ಲಿ ಕವಲು. ನಿಜವಾದ ಲಿಲ್ಲಿಗೆ ದಂಟಿನ ಉದ್ದಕ್ಕೂ ಎಲೆ ಇರುತ್ತದೆ. ಆದರೂ ಸಮಾಧಾನವಾಗದೆ ಒಂದು ಬುಡ ಅಗೆದೆ. ಲಿಲ್ಲಿಗೆ ಬೆಳ್ಳುಳ್ಳಿಯಂಥ ಗಡ್ಡೆ ಇರುತ್ತದೆ. ಇದರಲ್ಲಿ ಬೇರಿಗೆ ಉಬ್ಬು ಉಬ್ಬು, ಊರಲ್ಲಿ ಹಲವು ಮಕ್ಕಳ ತಾಯಿ (ಶತಾವರಿ) ಬೇರು ಕಿತ್ತ ಹಾಗೇ ಇತ್ತು. ಆಗ ಧೈರ್ಯ ಬಂತು.

ಮರುವರ್ಷ ಒಂದು ಸಂಜೆ, ಬೆಳಗಾದರೆ ಅರಳುವಂಥ ಮೊಗ್ಗುಗಳನ್ನು ಕಿತ್ತೆ. ಬೆರಳುದ್ದ, ಗಟ್ಟಿ, ಹಸಿರಿನ ಮೇಲೆ ತುಸು ಕೇಸರಿ. ಮುರಿದರೆ ಟಕ್ ಅಂತ ಸದ್ದು. ಒಂದನ್ನು ಸೀಳಿ ನೋಡಿದೆ. ಆರು ಕೇಸರಗಳು ಒತ್ತಾಗಿ ಮಲಗಿದ್ದವು, ನಾಳೆಯ ಹೂ ಅಲ್ಲೇ ಸಿದ್ಧವಾಗಿತ್ತು.

ಹಸಿಯಾಗಿ ತಿನ್ನಲಿಲ್ಲ. ಉಪ್ಪು ನೀರಲ್ಲಿ ಚೆನ್ನಾಗಿ ಬೇಯಿಸಿ, ಕಳಲೆಯ ನೀರು ಚೆಲ್ಲುವ ಹಾಗೆ ಆ ನೀರು ಚೆಲ್ಲಿದೆ. ಆಮೇಲೆ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ, ಮೇಲೆ ಕಾಯಿತುರಿ. ರುಚಿ ಎಳೆ ಹುರುಳಿಕಾಯಿಯದು, ಜೊತೆಗೆ ಬೆಂಡೆಯ ಲೋಳೆ ಸ್ವಲ್ಪ. ಮೊದಲ ದಿನ ನಾಲ್ಕೇ ಮೊಗ್ಗು ತಿಂದು ಮಾರನೇ ದಿನದವರೆಗೆ ಕಾದೆ. ಕೆಲವರಿಗೆ ಇದು ಹೊಟ್ಟೆ ಕೆಡಿಸುತ್ತದೆ. ನನಗೆ ಏನೂ ಆಗಲಿಲ್ಲ. ಅಮ್ಮ ಬಂದಾಗಲೂ ಮಾಡಿ ಬಡಿಸಿದೆ. "ಚೆನ್ನಾಗಿದೆ ಕಣೇ, ಆದ್ರೆ ಇದಕ್ಕೆ ಸೂಜಿಮೆಣಸು ಬೇಕಿತ್ತು" ಅಂದರು.

ಬೆಳೆಸುವುದು ಕಷ್ಟವೇ ಅಲ್ಲ. ಬಿಸಿಲು ಬಿದ್ದರೆ ಸಾಕು. ಬುಡ ದಟ್ಟವಾಗಿ ಹೂ ಕಡಿಮೆಯಾದಾಗ ಸೆಪ್ಟೆಂಬರ್‌ನಲ್ಲಿ ಅಗೆದು, ಸೀಳಿ, ಬೇರೆ ಕಡೆ ನೆಡುತ್ತೇನೆ. ನಿಜವಾದ ಕಾಟ ಜಿಂಕೆಯದು. ಒಂದೇ ರಾತ್ರಿಗೆ ಒಂದು ಸಾಲಿನ ಮೊಗ್ಗನ್ನೆಲ್ಲ ಮೇಯ್ದು ಹೋಗಿದ್ದವು. ಈಗ ಮೊಗ್ಗು ಕಾಣುತ್ತಲೇ ಬಲೆ ಹಾಕುತ್ತೇನೆ.

ರಸ್ತೆ ಬದಿಯದನ್ನು ಕೀಳುವುದಿಲ್ಲ, ಕಳೆನಾಶಕ ಹೊಡೆದಿರುತ್ತಾರೆ. ನರ್ಸರಿಯಿಂದ ತಂದ ಬಣ್ಣಬಣ್ಣದ ತಳಿಗಳನ್ನೂ ತಿನ್ನುವುದಿಲ್ಲ, ಅವು ನೋಡೋಕೆ ಮಾತ್ರ. ಇನ್ನೊಂದು ಮಾತು: ಬೆಕ್ಕು ಸಾಕಿದವರು ಈ ಗಿಡ ನೆಡಲೇಬೇಡಿ. ನಮಗೆ ಪಲ್ಯವಾಗುವುದು ಬೆಕ್ಕಿನ ಕಿಡ್ನಿಯನ್ನೇ ಹಾಳುಮಾಡುತ್ತದೆ.

ಜಾಸ್ತಿ ಬಿಟ್ಟ ವರ್ಷ ಮೊಗ್ಗುಗಳನ್ನು ಹಬೆಯಲ್ಲಿ ಬೇಯಿಸಿ, ಬಿಸಿಲಲ್ಲಿ ಒಣಗಿಸಿ ಡಬ್ಬಿ ತುಂಬುತ್ತೇನೆ. ಹಿಮ ಬೀಳುವಾಗ ಬಿಸಿನೀರಲ್ಲಿ ನೆನೆಸಿ ಬೇಳೆ ಸಾರಿಗೆ ಹಾಕುತ್ತೇನೆ. ನೆನೆದ ಮೊಗ್ಗಿಗೆ ಒಂದೊಂದಾಗಿ ಗಂಟು ಹಾಕಬೇಕು, ಆಗ ಸಾರಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಅದನ್ನು ಹೇಳಿಕೊಟ್ಟದ್ದೂ ಆ ಅಜ್ಜಿಯೇ.