ಗೋಧಿ ಧೂಳು ಬಿಟ್ಟ ಮೇಲೆ ನಮ್ಮ ಡೊಂಬಿವಲಿ ಅಡುಗೆಮನೆ

ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್, ಅಂದರೆ ಗೋಧಿ ತಿಂದರೆ ಕರುಳು ಸವೆಯುವ ಕಾಯಿಲೆ, ಇದೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು, "ಹಾಗಾದ್ರೆ ಇನ್ನು ತಿನ್ನೋದೇನು?" ಅಂತ. ನಮ್ಮ ಕುಂದಾಪುರ ಕಡೆಯವರಿಗೆ ಅದು ದೊಡ್ಡ ಪ್ರಶ್ನೆಯೇ ಅಲ್ಲ. ನೀರುದೋಸೆ, ಕಡುಬು, ಒತ್ತು ಶ್ಯಾವಿಗೆ, ಪತ್ರೊಡೆ, ಕುಚ್ಚಲಕ್ಕಿ ಗಂಜಿ, ಇದರಲ್ಲಿ ಯಾವುದಕ್ಕೂ ಗೋಧಿ ಬೇಡ. ಜೋಳ, ಸಜ್ಜೆ, ರಾಗಿ, ಮೆಕ್ಕೆಜೋಳ, ಬೇಳೆಕಾಳು, ಹಾಲು, ಮೀನು, ತರಕಾರಿ ಎಲ್ಲ ತಿನ್ನಬಹುದು. ಬಿಡಬೇಕಾದ್ದು ಗೋಧಿ, ಬಾರ್ಲಿ, ರೈ. ಅಂದರೆ ಚಪಾತಿ, ಪಾವ್, ರವೆ, ಮೈದಾ ಮತ್ತು ಬಾರ್ಲಿ ಮಾಲ್ಟ್ ಹಾಕಿದ ಪಾನೀಯಗಳು. ಚಪಾತಿ ಬಿಡುವುದು ಒಂದು ವಾರದ ಕೆಲಸ. ನಮ್ಮನ್ನು ತಿಂಗಳುಗಟ್ಟಲೆ ಕಾಡಿದ್ದು ಕಣ್ಣಿಗೆ ಕಾಣದ ಗೋಧಿ. ಹಾಗಾಗಿ ಇಲ್ಲಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ನಮ್ಮದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಐದು ಜನರ ಮನೆ. ಅತ್ತೆ, ನಾವಿಬ್ಬರು, ಮಗಳು, ಮಗ. ಮಗಳು ಬೆಳೆಯುತ್ತಲೇ ಇರಲಿಲ್ಲ. ಕ್ಲಾಸಿನ ಸಾಲಿನಲ್ಲಿ ಯಾವಾಗಲೂ ಮುಂದೆ. ಹೊಟ್ಟೆ ಉಬ್ಬರ, ಸುಸ್ತು, ಎಷ್ಟು ಟಾನಿಕ್ ಕುಡಿಸಿದರೂ ಏರದ ಹಿಮೋಗ್ಲೋಬಿನ್. ಊರಿಗೆ ಹೋದಾಗ "ಮುಂಬೈ ನೀರು ಮಗುವಿಗೆ ಹಿಡಿದಿಲ್ಲ" ಅನ್ನುತ್ತಿದ್ದರು. ಕೊನೆಗೆ ಒಬ್ಬ ಮಕ್ಕಳ ಡಾಕ್ಟರು ಟಿಟಿಜಿ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು. ಅದು ತುಂಬಾ ಜಾಸ್ತಿ ಬಂತು. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗದಿಂದ ಚೂರು ತೆಗೆದು ನೋಡಿ ಖಚಿತ ಮಾಡಿದರು. ಕರುಳಿನ ಒಳಗೋಡೆಯಲ್ಲಿ ಟರ್ಕಿ ಟವೆಲ್ಲಿನ ಎಳೆಗಳ ಹಾಗೆ ಪುಟ್ಟ ಪುಟ್ಟ ಎಳೆಗಳಿರುತ್ತವೆ. ತಿಂದದ್ದನ್ನು ಹೀರಿಕೊಳ್ಳುವುದು ಅವೇ. ಸೀಲಿಯಾಕ್ ಇದ್ದವರು ಗ್ಲುಟೆನ್ (ಗೋಧಿ, ಬಾರ್ಲಿ, ರೈಯಲ್ಲಿರುವ ಪ್ರೋಟೀನ್) ತಿಂದರೆ ಅವರ ದೇಹವೇ ಆ ಎಳೆಗಳ ಮೇಲೆ ದಾಳಿ ಮಾಡಿ ಸವೆಸಿಬಿಡುತ್ತದೆ. ಕಬ್ಬಿಣದಂಶ ಹಿಡಿಯದೇ ಇದ್ದದ್ದು ಅದಕ್ಕೇ.

ಒಂದು ಮಾತು ಮಾತ್ರ ಇಲ್ಲಿ ಒತ್ತಿ ಹೇಳಬೇಕು. ಪರೀಕ್ಷೆ ಮುಗಿಯುವ ಮೊದಲು ಗೋಧಿ ಬಿಡಬೇಡಿ. ಬಿಟ್ಟರೆ ಟಿಟಿಜಿಯಲ್ಲಿ ನೋಡುವ ಆ್ಯಂಟಿಬಾಡಿ ರಕ್ತದಲ್ಲಿ ಇಳಿಯುತ್ತದೆ, ಕರುಳು ಚೇತರಿಸಿಕೊಳ್ಳಲು ಶುರು ಮಾಡುತ್ತದೆ, ರಿಪೋರ್ಟು ಸರಿಯಿದೆ ಅಂತ ಬಂದುಬಿಡುತ್ತದೆ. ಟಿಟಿಜಿ ಜೊತೆಗೆ ಒಟ್ಟು ಐಜಿಎ (ಆ ಆ್ಯಂಟಿಬಾಡಿಯ ಬಗೆ) ಎಷ್ಟಿದೆ ಅಂತಲೂ ನೋಡಿಸಬೇಕು. ಕೆಲವರಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅವರಲ್ಲಿ ಕಾಯಿಲೆ ಇದ್ದರೂ ಟಿಟಿಜಿ ಏರದೇ ಇರಬಹುದು.

ಇದು ಜೀನ್‌ಗಳ ಜೊತೆ ಬರುವ ಕಾಯಿಲೆ. ಅದಕ್ಕೇ ಡಾಕ್ಟರು ಅಪ್ಪ, ಅಮ್ಮ, ತಮ್ಮ ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ನಾನು, ಮಗ ನೆಗೆಟಿವ್. ನನ್ನ ಗಂಡ ಪಾಸಿಟಿವ್! ಅವರಿಗೆ ಒಂದು ದಿನಕ್ಕೂ ಹೊಟ್ಟೆನೋವು ಬಂದದ್ದಿಲ್ಲ. ಬರೀ ರಕ್ತಹೀನತೆ. ಲೋಕಲ್ ಟ್ರೈನಿನ ಓಡಾಟದ ಸುಸ್ತು ಅಂದುಕೊಂಡು ವರ್ಷಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದರು. "ಅದು ಪಂಜಾಬಿಗಳ ಕಾಯಿಲೆ, ನಮಗೆಲ್ಲ ಬರೋದಿಲ್ಲ" ಅಂತ ಹೇಳುವವರು ನಮ್ಮ ಸಂಬಂಧಿಕರಲ್ಲೇ ಎಷ್ಟೋ ಜನ ಇದ್ದಾರೆ. ಉತ್ತರದವರಲ್ಲಿ ಜಾಸ್ತಿ ಕಾಣುವುದು ನಿಜ. ಆದರೆ ಆ ಜೀನ್ ದಕ್ಷಿಣದವರಲ್ಲೂ ಇದೆ. ಅಕ್ಕಿ ತಿನ್ನುವ ಊರು ಬಿಟ್ಟು ಬಂದು ಎರಡು ಹೊತ್ತೂ ಚಪಾತಿ, ಸಂಜೆಗೆ ವಡಾಪಾವ್ ತಿನ್ನುವ ನಮ್ಮಂಥವರು ಇದನ್ನು ಯೋಚನೆ ಮಾಡಲೇಬೇಕು.

ಈಗ ಧೂಳಿನ ವಿಷಯಕ್ಕೆ ಬರೋಣ. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಅಂದರೆ ಅದರಲ್ಲಿ ಹೆಚ್ಚುಕಮ್ಮಿ ಮೂರು ಗ್ರಾಂ ಗ್ಲುಟೆನ್. ಸೀಲಿಯಾಕ್ ಇರುವ ಹೆಚ್ಚಿನವರಿಗೆ ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ತೊಂದರೆ ಇಲ್ಲ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಚಪಾತಿಯನ್ನು 300 ಚೂರು ಮಾಡಿದರೆ ಅದರಲ್ಲಿ ಒಂದು ಚೂರು! ಲಟ್ಟಣಿಗೆಯ ಸಂದಿನಲ್ಲಿ ಅಂಟಿಕೊಂಡಿರುವ ಹಿಟ್ಟೇ ಅದಕ್ಕಿಂತ ಜಾಸ್ತಿ ಆಗಬಹುದು. "ಸ್ವಲ್ಪ ತಿಂದರೆ ಏನಾಗ್ತದೆ" ಅನ್ನುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ಮಗಳು ಗೋಧಿ ಬಿಟ್ಟ ಮೇಲೆ ಟಿಟಿಜಿ ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. ಡಯಟಿಷಿಯನ್ ಕೇಳಿದ ಮೊದಲ ಪ್ರಶ್ನೆ, "ಜೋಳ ಎಲ್ಲಿ ಬೀಸಿಸ್ತೀರಿ?" ನಮ್ಮ ಗಲ್ಲಿಯ ಗಿರಣಿಯಲ್ಲಿ. ಆ ದಿನ ಸಂಜೆ ನಾನು ಗಿರಣಿಗೆ ಹೋಗಿ ಸುಮ್ನೆ ನಿಂತು ನೋಡಿದೆ. ಗಿರಣಿ ಕಾಕಾನ ಹುಬ್ಬಿನಿಂದ ಹಿಡಿದು ಟ್ಯೂಬ್‌ಲೈಟಿನವರೆಗೆ ಎಲ್ಲದರ ಮೇಲೂ ಹಿಟ್ಟು. ಒಬ್ಬರ ಗೋಧಿ ಮುಗಿಯುತ್ತಿದ್ದ ಹಾಗೆ ಅದೇ ಕಲ್ಲಿಗೆ ಇನ್ನೊಬ್ಬರ ಜೋಳ ಸುರಿದರು. ಹಿಟ್ಟು ಬೀಳುವ ಬಟ್ಟೆಯ ಚೀಲವನ್ನು ಒಮ್ಮೆ ತಟ್ಟಿದರು, ಅಷ್ಟೇ. ಜೋಳದ ಹಿಟ್ಟಿನ ಮೊದಲ ಒಂದೆರಡು ಮುಷ್ಟಿ ಬಣ್ಣದಲ್ಲೇ ಬೇರೆ ಕಾಣುತ್ತಿತ್ತು. ನಾನು ಸಮಸ್ಯೆ ಹೇಳಿದಾಗ ಕಾಕಾ ಬಹಳ ಒಳ್ಳೆ ಮನಸ್ಸಿನಿಂದ, "ವಹಿನೀ, ನಿಮ್ಮದನ್ನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬೀಸಿಕೊಡ್ತೀನಿ" ಅಂದರು. ಅದರಿಂದ ಪ್ರಯೋಜನವಿಲ್ಲ. ಹಿಂದಿನ ರಾತ್ರಿಯ ಗೋಧಿ ಕಲ್ಲಿನ ಒಳಗೇ ಕೂತಿರುತ್ತದೆ.

ಹಾಗಾಗಿ ಘರಘಂಟಿ ತಗೊಂಡೆವು. ಮಹಾರಾಷ್ಟ್ರದಲ್ಲಿ ಮನೆಮನೆಗೂ ಗೊತ್ತಿರುವ ಮನೆ ಗಿರಣಿ ಅದು. ಬೆಲೆ ಸಣ್ಣದಲ್ಲ, ಕಂತಿನಲ್ಲಿ ಕಟ್ಟಿದೆವು. ಆದರೆ ದುಬಾರಿ ಗ್ಲುಟೆನ್ ಫ್ರೀ ಬ್ರೆಡ್ಡು, ಬಿಸ್ಕತ್ತಿಗೆ ಸುರಿಯುವ ದುಡ್ಡಿನಲ್ಲಿ ಮೊದಲು ಇದನ್ನು ತಗೊಳ್ಳಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ಬೇರೆಯವರು ಬಳಸಿದ ಸೆಕೆಂಡ್‌ಹ್ಯಾಂಡ್ ಬೇಡ. ಅಕ್ಕಪಕ್ಕದವರಿಗೂ ಕೊಡಬೇಡಿ, ಅದೊಂದರಲ್ಲಿ ದಾಕ್ಷಿಣ್ಯ ಬೇಡ.

ಇನ್ನು ಕಾಳು. ಅಂಗಡಿಯಲ್ಲಿ ಜೋಳದ ಮೂಟೆಯ ಪಕ್ಕದಲ್ಲೇ ಗೋಧಿ ಮೂಟೆ ಇರುತ್ತದೆ, ಅಳೆಯುವ ಡಬ್ಬಿ ಎರಡಕ್ಕೂ ಒಂದೇ. ನಾನು ಜೋಳವನ್ನು ಮೊರಕ್ಕೆ ತೆಳ್ಳಗೆ ಹರಡಿ ಕಿಟಕಿ ಬೆಳಕಿನಲ್ಲಿ ಆರಿಸುತ್ತೇನೆ. ಜೋಳ ದುಂಡಗೆ, ಗೋಧಿ ಉದ್ದಕ್ಕೆ, ಮಧ್ಯೆ ಒಂದು ಗೀರು. ಬೆರಳಲ್ಲಿ ಸರಿಸುತ್ತಾ ಹೋದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆಮೇಲೆ ನೀರಿನಲ್ಲಿ ಎರಡು ಸಲ ತೊಳೆದು, ಗ್ಯಾಲರಿಯಲ್ಲಿ ಒಣಗಿಸಿ ಬೀಸುವುದು. ರಾಗಿಯಾದರೆ ಕೈಯಲ್ಲಿ ಆರಿಸುವ ಬದಲು ಜರಡಿ ಹಿಡಿದರೆ ಸಾಕು, ಗೋಧಿ ಮೇಲೆಯೇ ಉಳಿಯುತ್ತದೆ. ಮಳೆಗಾಲದಲ್ಲಿ ಇಲ್ಲಿ ಏನೂ ಒಣಗುವುದಿಲ್ಲ. ಅದಕ್ಕೆ ಮೇ ತಿಂಗಳಲ್ಲೇ ಜೋಳ ತೊಳೆದು ಒಣಗಿಸಿ ಡಬ್ಬಿ ತುಂಬಿಸಿಡುತ್ತೇನೆ.

ನಾನು ಕನಸಲ್ಲೂ ಎಣಿಸದೇ ಇದ್ದದ್ದು ಇಂಗು. ಶುದ್ಧ ಇಂಗು ಒಂದು ಗಿಡದ ಅಂಟು. ಅದರ ಘಾಟು ತಡೆಯಲು ಆಗುವುದಿಲ್ಲ ಅಂತ ಹಿಟ್ಟು, ಗೋಂದು ಬೆರೆಸಿ ಮಾರುತ್ತಾರೆ. ಡಬ್ಬಿಯ ಮೇಲೆ ಬಂಧಾನಿ ಅಥವಾ ಕಾಂಪೌಂಡೆಡ್ ಅಂತ ಇರುವುದು ಅದೇ. ಬೆರೆಸುವ ಹಿಟ್ಟು ಬಹಳ ಸಲ ಗೋಧಿ ಅಥವಾ ಮೈದಾ. ಅಂದರೆ ನಮ್ಮ ಸಾರು, ಸಾಂಬಾರು, ಉಪ್ಪಿನಕಾಯಿ, ಚಕ್ಕುಲಿ, ಹಪ್ಪಳ ಎಲ್ಲದರಲ್ಲೂ ಗೋಧಿ ಬಂದ ಹಾಗಾಯಿತು! ಅಕ್ಕಿಹಿಟ್ಟು ಬೆರೆಸಿದ, ಗ್ಲುಟೆನ್ ಫ್ರೀ ಅಂತ ಬರೆದ ಇಂಗು ಸಿಗುತ್ತದೆ. ನಾವು ಅದಕ್ಕೆ ಬದಲಾದೆವು. ಇಂಡಿಯಾದಲ್ಲಿ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕೆಜಿಗೆ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು ಅನ್ನುವುದು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನಿಯಮ. ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ. ಓಟ್ಸ್ ಗೋಧಿ ಅಲ್ಲದಿದ್ದರೂ ಗೋಧಿಯ ಜೊತೆಯಲ್ಲೇ ಬೆಳೆದು, ಸಾಗಿ, ಬೆರೆತು ಬರುತ್ತದೆ. ಥಾಲಿಪೀಠ ಅನ್ನುವ ಮರಾಠಿ ರೊಟ್ಟಿಯ ಭಾಜಣಿಗೆ (ಹುರಿದ ಕಾಳುಗಳ ಹಿಟ್ಟು) ಗೋಧಿ ಹಾಕುವುದೇ ರೂಢಿ. ಮಾಲ್ಟೋಡೆಕ್ಸ್‌ಟ್ರಿನ್ ಅಂತ ಕಂಡರೆ ಹೆದರಬೇಕಾಗಿಲ್ಲ. ಮಾಲ್ಟ್ ಅಂತ ಕಂಡರೆ ಡಬ್ಬಿ ಕೆಳಗಿಡಿ.

ಅಡುಗೆಮನೆಯನ್ನು ಎರಡು ಮಾಡುವುದೋ ಒಂದೇ ಇಡುವುದೋ ಅಂತ ಬಹಳ ಯೋಚನೆಯಾಯಿತು. ಕಾಯಿಲೆ ಗೊತ್ತಾಗಿರುವುದು ಇಬ್ಬರಿಗೆ, ಉಳಿದವರು ಮೂವರು. ಆದರೆ ಮುಂಬೈ ಫ್ಲ್ಯಾಟಿನ ಅಡುಗೆಮನೆ ಎಷ್ಟು ದೊಡ್ಡದು ಅಂತ ಇಲ್ಲಿರುವವರಿಗೆ ಗೊತ್ತಲ್ವಾ! ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಬರಬೇಕು. ಅಲ್ಲಿ ಗೋಧಿ ಹಿಟ್ಟು ಕಲಸಿದರೆ ಅದು ಹಾರಿ ಎಲ್ಲದರ ಮೇಲೂ ಕೂರುತ್ತದೆ. ನಾವು ಗೋಧಿ ಹಿಟ್ಟು, ರವೆ, ಮೈದಾ ಮೂರನ್ನೂ ಮನೆಯಿಂದ ತೆಗೆದೆವು. ಲಟ್ಟಣಿಗೆ, ಮಣೆ, ಜರಡಿ, ಮರದ ಸೌಟು, ಗೀರು ಬಿದ್ದ ನಾನ್‌ಸ್ಟಿಕ್ ಕಾವಲಿ ಹೊರಗೆ ಹೋದವು. ಸ್ಟೀಲ್ ಪಾತ್ರೆಗಳನ್ನು ಚೆನ್ನಾಗಿ ತಿಕ್ಕಿ ಇಟ್ಟುಕೊಂಡೆವು. ಮಗನಿಗೆ ಪಾವ್ ಬೇಕು ಅಂದರೆ ಹೊರಗೆ ತಿಂದು, ಕೈ ತೊಳೆದು ಬರುತ್ತಾನೆ. ಅಕ್ಕನಿಗಾಗಿ ಅವನು ಇದನ್ನು ಗೊಣಗದೆ ಮಾಡುವುದು ನೋಡಿದರೆ ನನಗೆ ಹೆಮ್ಮೆ ಆಗುತ್ತದೆ.

ಅತ್ತೆಗೆ ಗೋಧಿ ಬಿಟ್ಟದ್ದು ಕಷ್ಟ ಆಗಲಿಲ್ಲ. ಕಷ್ಟವಾದದ್ದು ಸತ್ಯನಾರಾಯಣ ಪೂಜೆ. ಸಪಾದ ಭಕ್ಷ್ಯಕ್ಕೆ ರವೆ ಬೇಕೇ ಬೇಕು. "ದೇವರ ಪ್ರಸಾದ ಮಗಾ, ಒಂದು ಚಿಟಿಕೆ ತಿಂದ್ರೆ ಎಂತ ಆಗ್ತದೆ?" ಅಂತ ಕೇಳಿದರು. ಪ್ರಸಾದ ಬೇಡ ಅನ್ನುವ ಮಾತು ಮೊಮ್ಮಗಳ ಬಾಯಲ್ಲಿ ಬರಬಾರದು ಅನ್ನುವುದು ಅವರ ಸಂಕಟ. ನಾನು ವಾದ ಮಾಡಲಿಲ್ಲ. ಪುರೋಹಿತರಿಗೆ ಫೋನ್ ಹಚ್ಚಿ ಅತ್ತೆಯ ಕೈಗೆ ಕೊಟ್ಟೆ. ಅವರು, "ಅಮ್ಮಾ, ಕಥೆಯಲ್ಲೇ ಉಂಟಲ್ಲ, ಅಭಾವೇ ಶಾಲಿಚೂರ್ಣಂ ವಾ ಅಂತ. ಗೋಧಿ ಇಲ್ಲದಿದ್ರೆ ಅಕ್ಕಿ ಹಿಟ್ಟು ಆಗ್ತದೆ" ಅಂದರು. ಅತ್ತೆಗೆ ಅಷ್ಟೇ ಸಾಕಾಯಿತು. ಈಗ ನಮ್ಮ ಮನೆಯಲ್ಲಿ ಅಕ್ಕಿ ತರಿಯನ್ನು ತುಪ್ಪದಲ್ಲಿ ಘಮ್ಮೆನ್ನುವಷ್ಟು ಹುರಿದು, ಹಾಲು, ಸಕ್ಕರೆ, ಬಾಳೆಹಣ್ಣು ಸೇರಿಸಿ ಒಂದೂಕಾಲು ಪಾಲಿನ ಅದೇ ಅಳತೆಯಲ್ಲಿ ಸಪಾದ ಆಗುತ್ತದೆ. ರವೆಗಿಂತ ಹಾಲು ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಬೇಯಲೂ ಹೊತ್ತು ಬೇಕು. ಬಿಲ್ಡಿಂಗಿನವರೆಲ್ಲ ಕೇಳಿ ಹಾಕಿಸಿಕೊಂಡು ತಿನ್ನುತ್ತಾರೆ.

ಮಹಾರಾಷ್ಟ್ರದಲ್ಲಿ ಇರುವುದರಿಂದ ನಮಗೆ ಒಂದು ದೊಡ್ಡ ಅನುಕೂಲ ಇದೆ. ಉಪವಾಸದ ತಿಂಡಿಗಳು. ಸಾಬುದಾಣೆ ಖಿಚಡಿ, ವರೀಚೆ ತಾಂದೂಳ್ (ಒಂದು ಸಿರಿಧಾನ್ಯ), ರಾಜಗಿರಾ ಲಾಡು, ಶಿಂಗಾಡಾ (ನೀರಿನಲ್ಲಿ ಬೆಳೆಯುವ ಕಾಯಿ) ಹಿಟ್ಟು, ಯಾವುದರಲ್ಲೂ ಗೋಧಿ ಇಲ್ಲ. ಹಿಟ್ಟಿನ ಬದಲು ಕಾಳೇ ತಂದು ಮನೆಯಲ್ಲಿ ಬೀಸಿಕೊಂಡರೆ ಭಯವಿಲ್ಲ. ಗಣೇಶ ಚತುರ್ಥಿಯ ಉಕಡೀಚೆ ಮೋದಕವೂ ಅಕ್ಕಿ ಹಿಟ್ಟಿನದ್ದೇ. ಶಾಲೆಯ ಡಬ್ಬಿಗೆ ಕಾಂದಾ ಪೋಹೆ, ನೀರುದೋಸೆ, ಜೋಳದ ಭಾಕ್ರಿ ಸುರುಳಿ ಕಳಿಸುತ್ತೇನೆ. ಗೆಳತಿಯರ ಡಬ್ಬಿ ಮುಟ್ಟಬಾರದು, ತನ್ನದನ್ನು ಕೊಡಬಹುದು ಅಂತ ಮಗಳಿಗೆ ಹೇಳಿಕೊಟ್ಟಿದ್ದೇನೆ. ಕ್ಲಾಸ್ ಟೀಚರಿಗೆ ಮರಾಠಿಯಲ್ಲಿ ಅರ್ಧ ಪುಟದ ಚೀಟಿ ಬರೆದುಕೊಟ್ಟಿದ್ದೇವೆ. ಹುಟ್ಟುಹಬ್ಬಗಳಿಗೆ ಅಂತ ಒಂದು ಡಬ್ಬಿ ಸಿಹಿ ಶಾಲೆಯಲ್ಲೇ ಇಟ್ಟಿರುತ್ತೇವೆ. ಬೇರೆಯವರು ಕೇಕ್ ತಿನ್ನುವಾಗ ಅವಳು ಬರಿಗೈಯಲ್ಲಿ ಕೂರಬಾರದು.

ಹೊರಗೆ ತಿನ್ನಬೇಕಾದರೆ ಉಡುಪಿ ಹೋಟೆಲಿನಲ್ಲಿ ಕನ್ನಡದಲ್ಲಿ ಕೇಳುವುದೇ ನಮ್ಮ ಬಲ. ನಾನು ಕೌಂಟರಿನಲ್ಲಿ ಕೇಳುವುದು ಹೀಗೆ: "ಅಣ್ಣಾ, ಮಗಳಿಗೆ ಗೋಧಿ ಚೂರೂ ಆಗೋದಿಲ್ಲ. ಇಡ್ಲಿಗೆ ಹಾಕಿದ್ದು ಅಕ್ಕಿ ರವೆಯಾ? ಚಟ್ನಿ ಒಗ್ಗರಣೆಗೆ ಇಂಗು ಹಾಕಿದ್ದೀರಾ?" ಇಡ್ಲಿ ಮತ್ತು ಒಗ್ಗರಣೆ ಇಲ್ಲದ ಕಾಯಿಚಟ್ನಿ ನಮ್ಮ ಮಟ್ಟಿಗೆ ಸರಿ. ಸಾಂಬಾರು ಇಂಗಿನಿಂದಾಗಿ ಬೇಡ. ದೋಸೆ ಬೇಡ, ಅದೇ ಕಾವಲಿಯಲ್ಲಿ ರವೆ ದೋಸೆ ಹುಯ್ದಿರುತ್ತಾರೆ. ಉದ್ದಿನ ವಡೆಯೂ ಬೇಡ, ಪೂರಿ, ಸಮೋಸ ಕರಿದ ಎಣ್ಣೆ ಅದು. ಒಬ್ಬ ಬೈಂದೂರಿನ ಅಣ್ಣ ಒಳಗೆ ಹೋಗಿ ಇಂಗಿನ ಡಬ್ಬಿಯನ್ನೇ ತಂದು ನನ್ನ ಕೈಗೆ ಕೊಟ್ಟು, "ನೀವೇ ಓದಿ ಅಕ್ಕಾ" ಅಂದರು. ಅಂಥ ಹೋಟೆಲಿಗೆ ನಾವು ಮತ್ತೆ ಮತ್ತೆ ಹೋಗುತ್ತೇವೆ.

ಪುಣೆಯಲ್ಲಿರುವ ನಾದಿನಿಯ ಕತೆ ಬೇರೆ. ಅವಳಿಗೂ ಗೋಧಿ ತಿಂದರೆ ಹೊಟ್ಟೆ ಉಬ್ಬರ, ತಲೆ ಭಾರ. ಅಣ್ಣನ ರಿಪೋರ್ಟ್ ಬರುವ ಮೊದಲೇ ಗೋಧಿ ಬಿಟ್ಟಿದ್ದಳು. ಹಾಗಾಗಿ ರಕ್ತ ಪರೀಕ್ಷೆ ನಂಬುವ ಹಾಗಿರಲಿಲ್ಲ. ಡಾಕ್ಟರು ಜೀನ್ ಪರೀಕ್ಷೆ ಮಾಡಿಸಿದರು. ಈ ಕಾಯಿಲೆಯ ಜೀನ್‌ಗಳಾದ ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇರುವ ಸಾಧ್ಯತೆ ಹೆಚ್ಚುಕಮ್ಮಿ ಇಲ್ಲ ಅನ್ನಬಹುದು. ಇದ್ದರೆ ಮಾತ್ರ ಏನೂ ಹೇಳಲಾಗದು, ಯಾಕೆಂದರೆ ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಅವು ಇರುತ್ತವೆ. ಅವಳಿಗೆ ಎರಡೂ ಇರಲಿಲ್ಲ. ಅವಳದು ಗ್ಲುಟೆನ್ ಅಸಹಿಷ್ಣುತೆ. ಕರುಳು ಸವೆಯುವುದಿಲ್ಲ. ಕೆಲವರಿಗೆ ಕಾಟ ಕೊಡುವುದು ಗೋಧಿಯಲ್ಲಿರುವ ಫ್ರಕ್ಟಾನ್ ಅನ್ನುವ ಇನ್ನೊಂದು ಅಂಶ, ಅದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಅವಳಿಗೆ ಬೇರೆ ಕಾವಲಿ ಬೇಡ, ಘರಘಂಟಿ ಬೇಡ. ಎಷ್ಟು ತಡೆಯುತ್ತದೋ ಅಷ್ಟು ತಿನ್ನುತ್ತಾಳೆ. ಆದರೆ "ನಿನ್ನ ಸೋದರತ್ತೆ ತಿಂತಾಳಲ್ಲ, ನೀನೂ ಒಂದು ತಿನ್ನು" ಅಂತ ಮದುವೆಮನೆಯಲ್ಲಿ ಯಾರೋ ನನ್ನ ಮಗಳಿಗೆ ಹೋಳಿಗೆ ಬಡಿಸಲು ಬಂದಾಗ, ಮೊದಲು ಕೈ ಅಡ್ಡ ಹಿಡಿದವಳು ಅವಳೇ.

ಮಗಳು ಈಗ ಸಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತಿದ್ದಾಳೆ. ಟಿಟಿಜಿ ಸಾಮಾನ್ಯಕ್ಕೆ ಬಂದಿದೆ. ಶುರುವಿನಲ್ಲಿ ಹಾಲೂ ಆಗುತ್ತಿರಲಿಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಬರುವುದು ಕರುಳಿನ ಅದೇ ಎಳೆಗಳಿಂದ. ಅವು ಮತ್ತೆ ಬೆಳೆದ ಮೇಲೆ ಈಗ ಲೋಟ ಹಾಲು ಕುಡಿಯುತ್ತಾಳೆ. ಗಂಡನ ಹಿಮೋಗ್ಲೋಬಿನ್ ಏರಿದೆ. ಅವರ ಮೂಳೆಯ ಸಾಂದ್ರತೆ ಮತ್ತು ವಿಟಮಿನ್ ಡಿ ಮೇಲೆ ಡಾಕ್ಟರು ಕಣ್ಣಿಟ್ಟಿದ್ದಾರೆ. ಮಗ ಇವತ್ತು ನೆಗೆಟಿವ್ ಇದ್ದರೂ ಮುಂದೆ ಯಾವಾಗ ಬೇಕಾದರೂ ಬರಬಹುದು. ಅದಕ್ಕೇ ಅವನಿಗೆ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮುಂದಿನ ಸಲ ಊರಿಗೆ ಹೋದಾಗ ಅತ್ತೆಯನ್ನೂ, ಗಂಡನ ತಮ್ಮನನ್ನೂ ಲ್ಯಾಬಿಗೆ ಕರೆದುಕೊಂಡು ಹೋಗುವುದು ಅಂತ ಮಾತಾಗಿದೆ. ಅತ್ತೆ ಒಪ್ಪಿದ್ದಾರೆ. ಅವರೂ ಗೋಧಿ ಬಿಟ್ಟಿರುವುದರಿಂದ ಯಾವ ಪರೀಕ್ಷೆ ಅಂತ ಮೊದಲು ಡಾಕ್ಟರನ್ನು ಕೇಳಬೇಕು. ಮೈದುನ ಇನ್ನೂ "ನೋಡುವ" ಅನ್ನುತ್ತಿದ್ದಾನೆ.